ಎಂಜಿನ್ ಶಬ್ದ ಕೇಳುವ ಮೊದಲು ಹಲಗೆ ನೋಡಿ: ಹಳೆಯ ಸ್ಪೀಡ್ ಬೋಟ್ ಕೊಳ್ಳುವವರಿಗೆ

ಸೂರತ್, ವಡೋದರಾ, ಅಹಮದಾಬಾದ್‌ಗಳಲ್ಲಿ ನೆಲೆಸಿರುವ ನಮ್ಮ ಕರಾವಳಿಯವರಿಗೆ, ಹೋಟೆಲ್ ನಡೆಸುವವರಿರಲಿ, ಕಾರ್ಖಾನೆಯಲ್ಲಿರುವವರಿರಲಿ, ನೀರಿನ ಸೆಳೆತ ಸುಲಭಕ್ಕೆ ಬಿಡುವುದಿಲ್ಲ. ಸ್ವಂತದ್ದೊಂದು ಸಣ್ಣ ವೇಗದ ದೋಣಿ ಬೇಕೆನಿಸಿದಾಗ ಮೊದಲು ನೆನಪಾಗುವ ಊರು ಭಾವನಗರ ಜಿಲ್ಲೆಯ ಅಲಂಗ್. 1983ರಿಂದ ಅಲ್ಲಿ ಹಡಗು ಒಡೆಯುತ್ತಾರೆ. ಒಡೆದ ಹಡಗುಗಳಿಂದ ಇಳಿದ ಸಾಮಾನು ಊರಿನ ದಾರಿಯ ಇಕ್ಕೆಲದ ಅಂಗಡಿಗಳಲ್ಲಿ ಮಾರಾಟಕ್ಕಿರುತ್ತದೆ. ಸೋಫಾ, ಪಿಂಗಾಣಿ, ಅಡುಗೆಮನೆಯ ದೊಡ್ಡ ಒಲೆಗಳ ಜೊತೆ ಹಡಗಿನ ರಕ್ಷಣಾ ದೋಣಿ, ಅದರ ಬೆನ್ನಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ ಕೂಡ. ಹಜೀರಾದಿಂದ ಘೋಘಾಕ್ಕೆ 2020ರ ನವೆಂಬರಿನಲ್ಲಿ ಫೆರ‍್ರಿ ಶುರುವಾದ ಮೇಲೆ ಸೂರತ್‌ನವರಿಗೆ ಆ ದಾರಿ ಹತ್ತಿರವೂ ಆಯಿತು.

ತೊಂದರೆ ಇಲ್ಲಿಂದಲೇ ಶುರು. ಅಂಗಡಿಯವನು ಎಂಜಿನ್ನಿನ ಬುಡವನ್ನು ನೀರಿನ ಡ್ರಮ್ಮಿಗೆ ಇಳಿಸಿ ಹಗ್ಗ ಎಳೆಯುತ್ತಾನೆ. ಎಂಜಿನ್ ಗುಡುಗುತ್ತದೆ, ಕೊಳ್ಳುವವನ ಮನಸ್ಸು ಅಲ್ಲಿಗೇ ಸೋಲುತ್ತದೆ. ನೀರಿಗಿಳಿಸಿದ ಮೇಲೆ ದೋಣಿ ಮೂತಿ ಎತ್ತಿಕೊಂಡು ತೆವಳುತ್ತದೆಯೇ ಹೊರತು ಮೇಲೇಳುವುದಿಲ್ಲ. ಇಲ್ಲವೆ ಎಂಜಿನ್ ಕಟ್ಟಿದ ಹಿಂಬದಿಯೇ ಸೀಳಲು ಶುರುವಾಗುತ್ತದೆ. ಎಂಜಿನ್ ಕೆಟ್ಟರೆ ಬಿಚ್ಚಿ ರಿಪೇರಿ ಮಾಡಿಸಬಹುದು, ಬದಲಿಸಲೂಬಹುದು. ಒಳಗೇ ಕೊಳೆತ ದೋಣಿಯನ್ನು ಸರಿಪಡಿಸುವ ಖರ್ಚು ಮಾತ್ರ ಹಲವು ಸಲ ದೋಣಿಯ ಬೆಲೆಯನ್ನೇ ಮೀರುತ್ತದೆ. ಆದ್ದರಿಂದ ಮೊದಲು ದೋಣಿ, ಆಮೇಲೆ ಎಂಜಿನ್.

ಹಳೆಯ ದೋಣಿಯ ಗುಣ

ಓಲೆ ಎವಿನ್‌ರೂಡ್ ಅಮೆರಿಕದ ಮಿಲ್ವಾಕಿಯಲ್ಲಿ 1909ರಲ್ಲಿ ಔಟ್‌ಬೋರ್ಡ್ ಎಂಜಿನ್‌ಗಳ ವ್ಯಾಪಾರಕ್ಕಿಳಿದ. 1939ರಲ್ಲಿ ಕಾರ್ಲ್ ಕೀಕ್‌ಹಾಫರ್ ಶುರುಮಾಡಿದ ಕಂಪನಿ ಮರ್ಕ್ಯುರಿಯಾಗಿ ಬೆಳೆಯಿತು. 1960ರಲ್ಲಿ ರೇ ಹಂಟ್ ವಿನ್ಯಾಸದ, ತಳ ಆಳವಾದ ವಿ ಆಕಾರದಲ್ಲಿದ್ದ ‘ಮಾಪಿ’ ಮಯಾಮಿ–ನಸೌ ಪಂದ್ಯವನ್ನು ಗೆದ್ದಿತು. ಅಲ್ಲಿಂದಾಚೆ ಮೂರು ದಶಕ ಹಗುರವಾದ ಫೈಬರ್ ದೋಣಿ, ಅದರ ಬೆನ್ನಿಗೆ ಎರಡು ಸ್ಟ್ರೋಕಿನ ಎಂಜಿನ್ ಎಂಬ ಜೋಡಿಯೇ ಮೆರೆಯಿತು. ಎರಡು ಸ್ಟ್ರೋಕಿನ ಎಂಜಿನ್ ಪ್ರತಿ ಸುತ್ತಿಗೂ ಒಮ್ಮೆ ಉರಿದು ಶಕ್ತಿ ಕೊಡುತ್ತದೆ, ಅದರ ಭಾಗಗಳೂ ಕಡಿಮೆ. ಹಾಗಾಗಿ ಅಷ್ಟೇ ಶಕ್ತಿಯ ನಾಲ್ಕು ಸ್ಟ್ರೋಕಿನದಕ್ಕಿಂತ ಸಾಮಾನ್ಯವಾಗಿ ಹಗುರ. ಹಳೆಯ ದೋಣಿಯ ಚುರುಕೆಲ್ಲ ಈ ಹಗುರತನದಿಂದ ಬಂದದ್ದು.

ಯಾಕೆಂದರೆ, ನಿಧಾನಕ್ಕೆ ಹೋಗುವ ದೋಣಿ ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸಿ ತೇಲುತ್ತದೆ. ವೇಗ ಹೆಚ್ಚಿದಾಗ ತಾನೇ ಎಬ್ಬಿಸಿದ ಅಲೆಯ ಏರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮೂತಿ ಮೇಲೆದ್ದು ಹಿಂಬದಿ ಕುಸಿಯುತ್ತದೆ. ಎಂಜಿನ್ ಹೆಚ್ಚು ಒದ್ದಾಡುವುದು ಈ ಹಂತದಲ್ಲೇ. ಅದನ್ನು ದಾಟಿದರೆ ತಳಕ್ಕೆ ಬಡಿಯುವ ನೀರಿನ ಒತ್ತಡವೇ ದೋಣಿಯನ್ನು ಎತ್ತಿ ಹಿಡಿಯುತ್ತದೆ. ಪೂರ್ಣ ವೇಗದಲ್ಲಿ ನೀರಿಗೆ ತಾಗುವುದು ತಳದ ಹಿಂಭಾಗ ಮಾತ್ರ. ತೂಕ ಹೆಚ್ಚಿದ್ದರೆ ದೋಣಿ ಏರನ್ನು ದಾಟುವುದಿಲ್ಲ. ಆ ಹಿಂಭಾಗದ ತಳ ನೇರವಾಗಿಲ್ಲದಿದ್ದರೆ ದಾಟಿದ ಮೇಲೂ ನೆಟ್ಟಗೆ ಓಡುವುದಿಲ್ಲ.

ಎಲ್ಲಿ ಹುಡುಕುವುದು

ಹಡಗಿನ ರಕ್ಷಣಾ ದೋಣಿ ಭಾರದ್ದು, ಗಟ್ಟಿಯದು. ಅಂತಾರಾಷ್ಟ್ರೀಯ ಸೋಲಾಸ್ ನಿಯಮ ಅದರಿಂದ ಕೇಳುವುದು 6 ನಾಟ್, ಎಂದರೆ ಗಂಟೆಗೆ ಸುಮಾರು 11 ಕಿ.ಮೀ. ವೇಗವನ್ನಷ್ಟೇ. ಜೀವ ಉಳಿಸಲು ಕಟ್ಟಿದ ದೋಣಿಯಿಂದ ಓಟ ನಿರೀಕ್ಷಿಸಬೇಡಿ. ಅಲಂಗ್‌ನಲ್ಲಿ ನೋಡಬೇಕಾದ್ದು ಎಂಜಿನ್. ಅದಕ್ಕೂ ಒಂದು ಎಚ್ಚರಿಕೆ ಇದೆ. ರಕ್ಷಣಾ ದೋಣಿಯ ಎಂಜಿನ್ನನ್ನು ವಾರಕ್ಕೊಮ್ಮೆ ಕನಿಷ್ಠ 3 ನಿಮಿಷ ಓಡಿಸಬೇಕೆಂಬುದು ಅದೇ ನಿಯಮ. ಅಂಥ ಎಂಜಿನ್ ಒಟ್ಟು ಓಡಿದ್ದು ಕಡಿಮೆ ಇರಬಹುದು. ಆದರೆ ಓಡಿದ್ದರಲ್ಲಿ ಬಹುಪಾಲು ತಣ್ಣಗಿದ್ದಾಗಲೇ, ಅಲ್ಪಸ್ವಲ್ಪ ಹೊತ್ತು. ಒಳಗೆ ಮಸಿ ಕಟ್ಟಿರುತ್ತದೆ, ಉಪ್ಪು ಕೂತಿರುತ್ತದೆ. ‘ಹೊಸದರಂತಿದೆ’ ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ.

ಹಗುರವಾದ ದೋಣಿಗೆ ಮುಂಬೈ, ಗೋವಾ ಕಡೆ ಜಲಕ್ರೀಡೆ ನಡೆಸುವವರು ಮಾರುವ ಬೋಟುಗಳನ್ನು ನೋಡಿ. 14ರಿಂದ 16 ಅಡಿ ಉದ್ದದ್ದು ಕಲಿಯುವವರಿಗೆ ಸಾಕು. ಎಂಜಿನ್ ವಿಚಾರದಲ್ಲಿ ನನ್ನ ಒಲವು ಯಮಹಾ, ಸುಜುಕಿ ಕಡೆಗೆ. ವೆರಾವಲ್, ಪೋರಬಂದರ್‌ನಿಂದ ಮಲ್ಪೆಯವರೆಗೆ ಮೀನುಗಾರರು ಬಳಸುವುದರಿಂದ ಬಿಡಿಭಾಗ ಸಿಗುತ್ತದೆ, ಬಿಚ್ಚಿ ಜೋಡಿಸುವ ಕೈಗಳೂ ಸಿಗುತ್ತವೆ. ಎವಿನ್‌ರೂಡ್ ಎಂಜಿನ್‌ಗಳ ತಯಾರಿಕೆ 2020ರಲ್ಲೇ ನಿಂತಿತು. ಚೆಲುವಾದ ಯಂತ್ರ, ನಿಜ. ಆದರೆ ಸೂರತ್‌ನಲ್ಲಿ ಕೂತು ಅದರ ಭಾಗ ಹುಡುಕುವ ಕಷ್ಟ ಮೊದಲ ದೋಣಿಗೇ ಬೇಡ. ಸೀಮೆಎಣ್ಣೆಯಲ್ಲಿ ಓಡಿಸಿದ ಎಂಜಿನ್ ಅಗ್ಗಕ್ಕೆ ಸಿಕ್ಕೀತು. ಅದು ಬಲೆ ಬೀಸುವವರ ಕೆಲಸಕ್ಕೆ ಹೊಂದಿಸಿದ್ದು. ವೇಗದ ದೋಣಿಗೆ ಒಪ್ಪುವುದಿಲ್ಲ.

ನೋಡುವ ಕ್ರಮ

1. *ಹಿಂಬದಿ ಹಲಗೆ.* ಎಂಜಿನ್ ತೂಗುವ ಈ ಜಾಗಕ್ಕೆ ಟ್ರಾನ್ಸಮ್ ಎನ್ನುತ್ತಾರೆ. ಹಳೆಯ ದೋಣಿಗಳಲ್ಲಿ ಹೊರಗೆ ಕಾಣುವುದು ಫೈಬರ್, ಒಳಗೆ ಇರುವುದು ಪ್ಲೈವುಡ್. ಬೋಲ್ಟಿನ ತೂತುಗಳಿಂದ ನೀರು ಇಳಿದು ಮರ ಕೊಳೆತರೂ ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಎಂಜಿನ್ನನ್ನು ಮೇಲಕ್ಕೆ ಓರೆಮಾಡಿ, ಅದರ ಕೆಳತುದಿಯನ್ನು ಕೈಯಿಂದ ಅದುಮಿ. ಇನ್ನೊಬ್ಬರು ಹಲಗೆಯನ್ನೇ ನೋಡುತ್ತಿರಲಿ. ಹಲಗೆ ಬಾಗಿದರೆ, ಎಂಜಿನ್ ಕಟ್ಟಿದ ಮೂಲೆಗಳಲ್ಲಿ ಬಿರುಕು ಬಾಯಿ ಬಿಟ್ಟರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಬಡಿಯುತ್ತಾ ಹೋಗಿ. ಗಟ್ಟಿ ಮರ ಟಣ್ಣನೆ ಸದ್ದು ಮಾಡುತ್ತದೆ, ಕೊಳೆತದ್ದು ದಬ್ಬೆನ್ನುತ್ತದೆ. ಮಾರುವವರ ಒಪ್ಪಿಗೆ ಪಡೆದು ತಳದ ಹತ್ತಿರದ ಒಂದು ಸ್ಕ್ರೂ ಬಿಚ್ಚಿಸಿ. ಕಂದು ನೀರು ಒಸರಿದರೆ ಇನ್ನೇನೂ ನೋಡಬೇಕಾಗಿಲ್ಲ.

2. *ತೂಕ.* ದೋಣಿಯ ನೆಲದಡಿ ತುಂಬಿರುವ ಫೋಮ್ ವರ್ಷಗಟ್ಟಲೆ ನೀರು ಹೀರಿಕೊಂಡು ನೂರಾರು ಕಿಲೋ ಭಾರವಾಗಬಹುದು. ಕಣ್ಣಿಗೆ ಕಾಣದ ಈ ದೋಷವನ್ನು ಲಾರಿ ತೂಗುವ ವೇಬ್ರಿಡ್ಜ್ ಹೇಳಿಬಿಡುತ್ತದೆ. ದೋಣಿ ಹೊತ್ತ ಟ್ರೇಲರನ್ನು ಒಮ್ಮೆ, ಖಾಲಿ ಟ್ರೇಲರನ್ನು ಒಮ್ಮೆ ತೂಗಿಸಿ. ಬಂದ ತೂಕದಿಂದ ಎಂಜಿನ್, ಪೆಟ್ರೋಲ್ ಟ್ಯಾಂಕಿನ ತೂಕ ಕಳೆದು, ತಯಾರಕರು ಹೇಳಿದ ತೂಕಕ್ಕೆ ಹೋಲಿಸಿ.

3. *ತಳ.* ಹಿಂಬದಿಯಿಂದ ಒಂದೂವರೆ ಮೀಟರ್ ಉದ್ದಕ್ಕೆ ನೇರವಾದ ಅಲ್ಯೂಮಿನಿಯಂ ಪಟ್ಟಿಯನ್ನು ತಳಕ್ಕೆ ಒತ್ತಿ ಹಿಡಿಯಿರಿ. ನಡುವೆ ಬೆಳಕು ಕಂಡರೆ ತಳ ಒಳಕ್ಕೆ ಕುಸಿದಿದೆ ಎಂದರ್ಥ. ಅಂಥ ದೋಣಿ ವೇಗದಲ್ಲಿ ಮೂತಿಯನ್ನು ನೀರಿಗೆ ಒತ್ತುತ್ತದೆ. ಪಟ್ಟಿ ನಡುವೆ ತಾಗಿ ತುದಿಗಳಲ್ಲಿ ಬಿಟ್ಟುಕೊಂಡರೆ ತಳ ಉಬ್ಬಿದೆ. ಅಂಥದ್ದು ಮೂತಿಯನ್ನು ಮೇಲೆ ಕೆಳಗೆ ಆಡಿಸುತ್ತಾ ಕುಪ್ಪಳಿಸುತ್ತದೆ. ಟ್ರೇಲರಿನ ಆಧಾರಗಳು ತಪ್ಪು ಜಾಗದಲ್ಲಿದ್ದು ದೋಣಿ ವರ್ಷಗಳ ಕಾಲ ಹಾಗೇ ಕೂತಿದ್ದರೆ ತಳ ಹೀಗಾಗುತ್ತದೆ.

4. *ಕಂಪ್ರೆಷನ್.* ಎಲ್ಲ ಪ್ಲಗ್ ಬಿಚ್ಚಿ, ಕಿಡಿ ಹಾರದಂತೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಒಂದೊಂದೇ ಸಿಲಿಂಡರಿಗೆ ಗೇಜ್ ಕೊಟ್ಟು ಅಳೆಯಿರಿ. ಒಂದೊಂದು ಮಾದರಿಗೆ ಒಂದೊಂದು ಅಂಕಿ ಇರುತ್ತದೆ. ಅಂಕಿ ಎಷ್ಟು ಎಂಬುದಕ್ಕಿಂತ ಎಲ್ಲ ಸಿಲಿಂಡರುಗಳೂ ಹತ್ತಿರ ಹತ್ತಿರ ಇವೆಯೇ ಎಂಬುದು ಮುಖ್ಯ. ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಒಳಗೆ ಗಾಯ ಇದೆ.

5. *ಗೇರ್ ಎಣ್ಣೆ.* ಕೆಳಭಾಗದ ಸ್ಕ್ರೂ ಬಿಚ್ಚಿ ಸ್ವಲ್ಪ ಎಣ್ಣೆ ಹೊರಗೆ ಬಿಡಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲಿನಿಂದ ನೀರು ಒಳಹೊಕ್ಕಿದೆ. ಲೋಹದ ಚೂರು ಸಿಕ್ಕರೆ ಬಿಟ್ಟುಬಿಡಿ.

6. *ನೀರಿನ ಪಂಪ್.* ಎಂಜಿನ್ನನ್ನು ತಂಪಾಗಿಡುವುದು ಒಂದು ಸಣ್ಣ ರಬ್ಬರ್ ಚಕ್ರ, ಇಂಪೆಲ್ಲರ್. ಒಂದಷ್ಟು ಹೊತ್ತು ನೀರಿಲ್ಲದೆ ಓಡಿದರೂ ಅದು ಹಾಳು. ಮಾರುವವರು ಏನೇ ಹೇಳಲಿ, ಕೊಂಡ ಕೂಡಲೇ ಹೊಸದು ಹಾಕಿಸಿ.

7. *ಸ್ಟಿಯರಿಂಗ್.* ಚಕ್ರವನ್ನು ಅಲ್ಲಾಡಿಸಿದಾಗ ಎಂಜಿನ್ ತಡಮಾಡದೆ ತಿರುಗಬೇಕು. ಗಂಟೆಗೆ 80 ಕಿ.ಮೀ. ಮೀರುವ ದೋಣಿಗೆ ಒಂಟಿ ಕೇಬಲ್ ಸಾಲದು. ಜೋಡಿ ಕೇಬಲ್ ಇಲ್ಲವೆ ಹೈಡ್ರಾಲಿಕ್ ಬೇಕು.

ಎಂಜಿನ್ ಸಂಖ್ಯೆಯ ಫಲಕ ಕಿತ್ತಿದ್ದರೆ, ಖರೀದಿಯ ಕಾಗದ ಕೊಡಲು ಹಿಂಜರಿದರೆ, ಬೆಲೆ ಎಷ್ಟೇ ಇಳಿಸಿದರೂ ಕೊಳ್ಳಬೇಡಿ.

ಪೆಟ್ರೋಲ್: ಹಳೆಯ ಎಂಜಿನ್ನಿಗೆ ಹೊಸ ಶತ್ರು

ಈ ಮಾತನ್ನು ಒತ್ತಿ ಹೇಳಬೇಕು. ನಮ್ಮ ಬಂಕುಗಳಲ್ಲಿ ಈಗ ಸಾಮಾನ್ಯವಾಗಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. 1980ರ ದಶಕದ ರಬ್ಬರ್ ಕೊಳವೆಗಳನ್ನು ಅದು ಮೆತ್ತಗಾಗಿಸುತ್ತದೆ. ಕರಗಿದ ರಬ್ಬರ್ ಹೋಗಿ ಕಾರ್ಬುರೇಟರಿನ ಸೂಕ್ಷ್ಮ ತೂತುಗಳನ್ನು ಮುಚ್ಚುತ್ತದೆ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ತೇವ ಹೆಚ್ಚಾದಾಗ ನೀರು ಮತ್ತು ಎಥನಾಲ್ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳ ಸೇರುತ್ತವೆ. ಎರಡು ಸ್ಟ್ರೋಕಿನಲ್ಲಿ ಇದರ ಪರಿಣಾಮ ಭೀಕರ. ಈ ಎಂಜಿನ್ನಿಗೆ ಎಣ್ಣೆ ತಲುಪುವುದೇ ಪೆಟ್ರೋಲಿನ ಜೊತೆಗೆ. ಒಂದು ಕಾರ್ಬುರೇಟರ್ ಅರ್ಧ ಮುಚ್ಚಿದರೆ ಆ ಸಿಲಿಂಡರಿಗೆ ಪೆಟ್ರೋಲಷ್ಟೇ ಅಲ್ಲ, ಎಣ್ಣೆಯೂ ಕಡಿಮೆ. ಉರಿ ಹೆಚ್ಚಿ, ಜಾರು ತಪ್ಪಿ, ಪಿಸ್ಟನ್ ಕರಗುತ್ತದೆ. ಕಿವಿಗೆ ಸುಳಿವೂ ಸಿಗದಿರಬಹುದು.

ಮಾಡಬೇಕಾದ್ದು ಇಷ್ಟು. ಎಲ್ಲ ಕೊಳವೆಗಳನ್ನೂ ಎಥನಾಲ್ ತಾಳುವಂಥವಕ್ಕೆ ಬದಲಿಸಿ. ಕಾರ್ಬುರೇಟರುಗಳನ್ನು ಬಿಚ್ಚಿಸಿ ತೊಳೆಸಿ, ಜೆಟ್ ಒಂದು ಅಳತೆ ದೊಡ್ಡದಾಗಬೇಕೇ ಎಂದು ಮೆಕ್ಯಾನಿಕನ್ನೇ ಕೇಳಿ. ಎಥನಾಲ್ ಬೆರೆತಾಗ ಹಳೆಯ ಹೊಂದಾಣಿಕೆಯಲ್ಲಿ ಇಂಧನ ಸಾಲದೆ ಬರುತ್ತದೆ. ನೀರು ಬೇರ್ಪಡಿಸುವ ಫಿಲ್ಟರ್ ಕೂರಿಸಿ. ದೋಣಿಯ ಹೊಟ್ಟೆಯಲ್ಲಿನ ಹಳೆಯ ಫೈಬರ್ ಟ್ಯಾಂಕ್ ಬಿಟ್ಟು, ಎತ್ತಿ ಇಡುವ ಟ್ಯಾಂಕ್ ಬಳಸಿ. ಎಣ್ಣೆ ಟಿಸಿ-ಡಬ್ಲ್ಯೂ3 ಗುರುತಿನದೇ ಆಗಿರಲಿ. ಬೈಕಿನ ಟು-ಟಿ ಎಣ್ಣೆ ಗಾಳಿಯಿಂದ ತಣಿಯುವ ಎಂಜಿನ್ನಿಗೆ ಮಾಡಿದ್ದು, ಇಲ್ಲಿ ಮಸಿ ಕಟ್ಟಿಸುತ್ತದೆ. ಬಹುಪಾಲು ಎಂಜಿನ್ನುಗಳಿಗೆ 50:1 ಪ್ರಮಾಣ, ಎಂದರೆ 10 ಲೀಟರ್ ಪೆಟ್ರೋಲಿಗೆ 200 ಮಿಲಿ ಎಣ್ಣೆ. ಇನ್ನೂ ಹಳೆಯವು ಹೆಚ್ಚು ಕೇಳುತ್ತವೆ. ಕೈಪಿಡಿ ನೋಡಿ.

ಫ್ಯಾನಿನ ಲೆಕ್ಕ

ನಮ್ಮ ಮೀನುಗಾರರು ಫ್ಯಾನ್ ಎನ್ನುವ ಪ್ರೊಪೆಲ್ಲರಿನ ಮೇಲೆ ಎರಡು ಅಂಕಿ ಕೊರೆದಿರುತ್ತದೆ: ವ್ಯಾಸ ಮತ್ತು ಪಿಚ್, ಇಂಚುಗಳಲ್ಲಿ. ಒಂದು ಸುತ್ತಿಗೆ ಫ್ಯಾನ್ ಎಷ್ಟು ದೂರ ಮುಂದೆ ಸಾಗಬೇಕಿತ್ತು ಎಂಬುದು ಪಿಚ್. ಎಂಜಿನ್ ನಿಮಿಷಕ್ಕೆ 5,500 ಸುತ್ತು, ಗೇರ್ ಅನುಪಾತ 2:1, ಪಿಚ್ 17 ಇಂಚು ಎಂದುಕೊಳ್ಳಿ. ಫ್ಯಾನ್ ತಿರುಗುವುದು 2,750 ಸಲ. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 71 ಕಿ.ಮೀ. ಆಗುತ್ತದೆ. ನೀರು ಗಟ್ಟಿಯಲ್ಲವಾದ್ದರಿಂದ ಶೇ 10–15 ಜಾರುತ್ತದೆ. ಕೈಗೆ ಬರುವುದು 60–64 ಕಿ.ಮೀ. ನಿಮ್ಮ ದೋಣಿ ಇದಕ್ಕಿಂತ ಬಹಳ ಕಡಿಮೆ ಓಡಿದರೆ ತೂಕ, ತಳ, ಎಂಜಿನ್ನಿನ ಎತ್ತರ ಇವುಗಳಲ್ಲಿ ಯಾವುದೋ ಒಂದು ತಪ್ಪಿದೆ.

ಪೂರ್ಣ ಥ್ರಾಟಲಿನಲ್ಲಿ ಸುತ್ತುಗಳು ತಯಾರಕರು ಹೇಳಿದ ಮಿತಿಯೊಳಗೇ ಬರಬೇಕು. ಅದಕ್ಕಿಂತ ಕಡಿಮೆ ಬಂದರೆ ಪಿಚ್ ಇಳಿಸಿ. ಒಂದು ಇಂಚಿಗೆ 150ರಿಂದ 200 ಸುತ್ತು ಏರುತ್ತದೆ. ದೊಡ್ಡ ಪಿಚ್ ಹಾಕಿದರೆ ವೇಗ ಹೆಚ್ಚುತ್ತದೆಂದು ನಂಬಿ ಎಂಜಿನ್ನನ್ನು ಏದುಸಿರು ಬಿಡಿಸುವವರು ಬಹಳ.

ಎಲ್ಲಿ ಓಡಿಸಬಹುದು

2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ದೋಣಿಯಲ್ಲಿ ಮಿತಿ ಮೀರಿ ಜನರಿದ್ದರು. ಎಲ್ಲರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ. ಆ ಊರಿನಲ್ಲಿ ದೋಣಿಯ ಮಾತೆತ್ತುವವರು ಇದನ್ನು ಮರೆಯಬಾರದು, ಅಧಿಕಾರಿಗಳು ಕಾಗದ ಕೇಳಿದಾಗ ಸಿಡುಕಲೂಬಾರದು. 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ನದಿ, ಕೆರೆಗಳಲ್ಲಿ ಓಡುವ ಯಾಂತ್ರಿಕ ದೋಣಿಗೆ ನೋಂದಣಿ ಮತ್ತು ತಪಾಸಣೆ ಉಂಟು. ದೋಣಿ ಕೊಳ್ಳುವ ಮೊದಲೇ ಗುಜರಾತ್ ಮ್ಯಾರಿಟೈಮ್ ಬೋರ್ಡಿನಲ್ಲಿ ವಿಚಾರಿಸಿ. ಮುಂದೆ ಊರಿಗೆ ಒಯ್ಯುವ ಯೋಚನೆಯಿದ್ದರೆ ಕರ್ನಾಟಕದ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯಲ್ಲೂ ಕೇಳಿಕೊಳ್ಳಿ. ಜಲಾಶಯಕ್ಕೆ ಅದರ ಒಡೆತನದ ಇಲಾಖೆಯ ಒಪ್ಪಿಗೆ ಬೇರೆ.

ಅಹಮದಾಬಾದಿನ ಸಾಬರ್ಮತಿ ನದಿಪಾತ್ರದಲ್ಲಿ ನೀರು ಶಾಂತವಾಗಿ ಕಾಣುತ್ತದೆ. ಆದರೆ ಅದು ನಗರದ ನಡುವಿನ ಜಾಗ, ಖಾಸಗಿ ವೇಗದ ದೋಣಿಗೆ ತಕ್ಕದ್ದಲ್ಲ. ಅಜ್ವಾ ಎಂಬುದು ವಡೋದರಾ ನಗರಕ್ಕೆ ಕುಡಿಯುವ ನೀರು ಕೊಡುವ ಕೆರೆ. ಎರಡು ಸ್ಟ್ರೋಕಿನ ಎಂಜಿನ್ ಒಂದಿಷ್ಟು ಎಣ್ಣೆಯನ್ನು ನೀರಿಗೆ ಬಿಡುತ್ತದೆ, ಅಲ್ಲಿಗೆ ಒಯ್ಯಬೇಡಿ. ಅಲ್ಲಿನ ವಿಶ್ವಾಮಿತ್ರಿ ನದಿಯಲ್ಲಿ ಮೊಸಳೆಗಳಿವೆ. ಸೂರತ್‌ನವರಿಗೆ ತಾಪಿ ಇದೆ. ಸಿಂಗಣಪೋರ್ ಕಾಸ್‌ವೇಯ ಮೇಲ್ಭಾಗದಲ್ಲಿ ಸಿಹಿನೀರು, ಕೆಳಭಾಗದಲ್ಲಿ ಉಬ್ಬರ ಇಳಿತ. ದೊಡ್ಡ ಹರವು ಬೇಕಿದ್ದವರಿಗೆ ಅನುಮತಿ ಸಿಕ್ಕರೆ ಉಕಾಯ್ ಜಲಾಶಯ. ಅಲ್ಲಿ ನೀರು ಇಳಿದ ತಿಂಗಳುಗಳಲ್ಲಿ ಮುಳುಗಿದ ಮರದ ಬುಡಗಳನ್ನು ಗಮನಿಸಿ.

ಖಂಭಾತ್ ಕೊಲ್ಲಿಗೆ ಮಾತ್ರ ಕಲಿಯುವ ಹಂತದಲ್ಲಿ ಇಳಿಯಲೇಬೇಡಿ. ಮಂಗಳೂರಿನಲ್ಲಿ ಉಬ್ಬರ ಇಳಿತದ ಅಂತರ 2 ಮೀಟರಿನೊಳಗೆ. ಭಾವನಗರದ ಕಡೆ ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತ 10 ಮೀಟರ್ ಮೀರುತ್ತದೆ. ಬೆಳಿಗ್ಗೆ ನೀವು ದೋಣಿ ಇಳಿಸಿದ ಜಾಗ ಮಧ್ಯಾಹ್ನಕ್ಕೆ ಕೆಸರ ಬಯಲು. ಅಳಿವೆಯ ಸೆಳೆತ ತಿಳಿದಿದೆ ಎಂಬ ನಮ್ಮೂರಿನ ಧೈರ್ಯ ಅಲ್ಲಿ ನಡೆಯದು. ಆ ನೀರಿನಲ್ಲಿ ಹೂಳೂ ಬಹಳ, ಇಂಪೆಲ್ಲರನ್ನು ಬೇಗ ಸವೆಸುತ್ತದೆ.

ಕಲಿಯುವ ಕ್ರಮ

1. ಮೊದಲು ಸ್ಥಳೀಯ ತಂಡೇಲರ ಪಕ್ಕ ಕೂತು ನೀರು ಓದುವುದನ್ನು ಕಲಿಯಿರಿ. ಬಲೆ ಎಲ್ಲಿ ಕಟ್ಟುತ್ತಾರೆ, ದಿಬ್ಬ ಎಲ್ಲಿದೆ ಎಂಬುದು ಪುಸ್ತಕದಲ್ಲಿ ಸಿಗದು.

2. ಲೈಫ್ ಜಾಕೆಟ್ ತೊಟ್ಟು, ಕಿಲ್ ಸ್ವಿಚ್ಚಿನ ಹಗ್ಗವನ್ನು ಕಾಲಿಗೋ ಜಾಕೆಟ್ಟಿಗೋ ಸಿಕ್ಕಿಸಿದ ಮೇಲೆಯೇ ಎಂಜಿನ್ ಶುರು. ನೀವು ನೀರಿಗೆ ಬಿದ್ದಾಗ ಎಂಜಿನ್ ನಿಲ್ಲದಿದ್ದರೆ ದೋಣಿ ಸುತ್ತು ಹಾಕಿ ನಿಮ್ಮ ಮೇಲೆಯೇ ಬರುತ್ತದೆ.

3. ನಿಧಾನಗತಿಯಲ್ಲಿ ದಡಕ್ಕೆ ತರುವುದನ್ನು ಸಾಕೆನಿಸುವವರೆಗೆ ಅಭ್ಯಾಸ ಮಾಡಿ. ದೋಣಿ ತಿರುಗುವುದು ಹಿಂಬದಿಯಿಂದ, ಬ್ರೇಕ್ ಅಂತೂ ಇಲ್ಲ. ಮೊದಲು ಚಕ್ರ ತಿರುಗಿಸಿ, ಆಮೇಲೆ ಗೇರ್ ಹಾಕಿ.

4. ಎಂಜಿನ್ನನ್ನು ಪೂರ್ತಿ ಒಳಕ್ಕೆ ಓರೆಮಾಡಿ ಥ್ರಾಟಲ್ ಕೊಡಿ. ಮೂತಿ ಎದ್ದು, ಮತ್ತೆ ಇಳಿದು, ದೋಣಿ ನೀರಿನ ಮೇಲೇರುತ್ತದೆ. ಆಗ ಥ್ರಾಟಲ್ ಸ್ವಲ್ಪ ಇಳಿಸಿ. ಏರುವುದು, ಇಳಿಯುವುದು, ಇದನ್ನೇ ಮತ್ತೆ ಮತ್ತೆ ಮಾಡಿ.

5. ಮೇಲೇರಿದ ನಂತರ ಎಂಜಿನ್ನನ್ನು ಸ್ವಲ್ಪ ಸ್ವಲ್ಪವೇ ಹೊರಕ್ಕೆ ಓರೆಮಾಡಿ, ಇದಕ್ಕೆ ಟ್ರಿಮ್ ಎನ್ನುತ್ತಾರೆ. ಮೂತಿ ಹಗುರಾಗಿ ಅದೇ ಥ್ರಾಟಲಿನಲ್ಲಿ ವೇಗ ಏರುತ್ತದೆ. ಮೂತಿ ಕುಪ್ಪಳಿಸಲು ಶುರುವಾದರೆ ಒಂದಿಷ್ಟು ಒಳಕ್ಕೆ ತನ್ನಿ.

6. ಇನ್ನೂ ವೇಗದಲ್ಲಿ ವಿ ತಳದ ದೋಣಿ ಎಡಕ್ಕೂ ಬಲಕ್ಕೂ ತೂಗಾಡತೊಡಗಬಹುದು. ಅದು ತಳದ ಅಂಚಿನ ಮೇಲೆ ಸಮತೋಲ ಹುಡುಕುತ್ತಿರುತ್ತದೆ. ಚಕ್ರ ತಿರುಗಿಸಿ ತಿದ್ದಲು ಹೋದರೆ ತೂಗಾಟ ಹೆಚ್ಚುತ್ತದೆ. ಚಕ್ರವನ್ನು ನೆಟ್ಟಗೆ ಹಿಡಿದು ಥ್ರಾಟಲನ್ನು ಮೆಲ್ಲಗೆ ಇಳಿಸಿ. ಈ ಹಂತಕ್ಕೆ ಅವಸರ ಬೇಡ, ಮೊದಲ ಚಳಿಗಾಲವಿಡೀ ಬಾರದಿದ್ದರೂ ನಷ್ಟವಿಲ್ಲ.

ಹೆಚ್ಚಿನವರು ಮಾಡುವ ತಪ್ಪು

ವೇಗದಲ್ಲಿದ್ದಾಗ ಥ್ರಾಟಲನ್ನು ಒಮ್ಮೆಲೇ ಬಿಡುವುದು. ದೋಣಿ ಕುಸಿಯುತ್ತದೆ, ಹಿಂದೆ ಬರುತ್ತಿರುವ ಅದರದೇ ಅಲೆ ಹಿಂಬದಿಯನ್ನು ದಾಟಿ ಒಳಗೆ ನುಗ್ಗುತ್ತದೆ.

ಎಂಜಿನ್ ಹೊರಕ್ಕೆ ಟ್ರಿಮ್ ಆಗಿರುವಾಗಲೇ ತಿರುವು ತೆಗೆದುಕೊಳ್ಳುವುದು. ಫ್ಯಾನ್ ಗಾಳಿ ನುಂಗಿ ಹಿಡಿತ ಕಳೆದುಕೊಳ್ಳುತ್ತದೆ. ಮೊದಲು ಒಳಕ್ಕೆ ಟ್ರಿಮ್ ಮಾಡಿ, ವೇಗ ಇಳಿಸಿ, ಆಮೇಲೆ ತಿರುಗಿ.

ದೋಣಿಯ ಫಲಕದಲ್ಲಿ ಬರೆದದ್ದಕ್ಕಿಂತ ಹೆಚ್ಚು ಶಕ್ತಿಯ ಎಂಜಿನ್ ಕಟ್ಟುವುದು. ಹೆಚ್ಚುವರಿ ತೂಕವೂ ಎಳೆತವೂ ಬೀಳುವುದು ಆ ಹಿಂಬದಿ ಹಲಗೆಯ ಮೇಲೆಯೇ.

ಉಪ್ಪುನೀರಿನಿಂದ ಬಂದ ಎಂಜಿನ್ನನ್ನು ಹಾಗೇ ನಿಲ್ಲಿಸುವುದು. ನೀರು ಎಳೆಯುವ ತೂತುಗಳಿಗೆ ಹೋಸ್ ಪೈಪಿನ ಕಪ್ ಕೂರಿಸಿ ಹತ್ತು ನಿಮಿಷ ಸಿಹಿನೀರಿನಲ್ಲಿ ಓಡಿಸಿ.

ಮಳೆಗಾಲಕ್ಕೆ ಮುಚ್ಚಿಡುವಾಗ ಟ್ಯಾಂಕ್, ಕಾರ್ಬುರೇಟರ್ ಎರಡನ್ನೂ ಬರಿದು ಮಾಡಿ, ಗೇರ್ ಎಣ್ಣೆ ಹೊಸದು ತುಂಬಿ. ಪ್ಲಗ್ ತೆಗೆದು ಸಿಲಿಂಡರುಗಳಿಗೆ ಸ್ವಲ್ಪ ಎಣ್ಣೆ ಬಿಟ್ಟು ಕೈಯಿಂದ ತಿರುಗಿಸಿ. ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿ, ಓರೆಯಾಗಿಟ್ಟರೆ ನೀರು ಒಳಗೆ ಉಳಿಯುತ್ತದೆ. ದೋಣಿಯ ತಳದ ಬಿರಡೆ ತೆಗೆದು ಮೂತಿಯನ್ನು ಸ್ವಲ್ಪ ಎತ್ತರಕ್ಕಿಡಿ. ಹಿಂಬದಿಯ ಬೋಲ್ಟುಗಳ ಸುತ್ತಲ ಸೀಲಂಟನ್ನು ಈಗಲೇ ಕೆರೆದು ಹೊಸದು ಹಾಕಿ. ದೀಪಾವಳಿಯ ಹೊತ್ತಿಗೆ ತಾಪಿಯ ನೀರು ತಿಳಿಯಾದಾಗ, ಹೊಸ ಪೆಟ್ರೋಲ್ ಬೆರೆಸುವ ಮೊದಲು ಹಲಗೆಯನ್ನು ಸುತ್ತಿಗೆಯಿಂದ ಇನ್ನೊಮ್ಮೆ ಬಡಿದು ನೋಡಿ.